ಕೆರೆ ತೆರೆದ ಮೇಲೂ

ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ಮುಕ್ತ ಅಂತ ಮುಂಬೈ ಶಾಸನ ಪರಿಷತ್ತು ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡ್ ಪುರಸಭೆ ಚೌದಾರ್ ಕೆರೆಯನ್ನು 1924ರಲ್ಲಿ ಕಾಗದದ ಮೇಲೆ ತೆರೆಯಿತು. ಆದರೆ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಸವರ್ಣರು ಕೊಟ್ಟ ಉತ್ತರ ಏಟು. ಮುಂಬೈ ಹೈಕೋರ್ಟು ಈ ಹಕ್ಕನ್ನು ಎತ್ತಿಹಿಡಿಯಲು 1937 ಬರಬೇಕಾಯ್ತು.

ಅಂತರ್ಜಾಲದ ಸಮಾನತೆಯ ವಾಗ್ವಾದವನ್ನು ನಾನು ಈ ಕೆರೆಯ ದಂಡೆಯಿಂದಲೇ ಓದುತ್ತೇನೆ. 2015ರಲ್ಲಿ ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆ ಸೇರಿ, ತಾನು ಒಪ್ಪಿದ ಕೆಲವೇ ತಾಣಗಳನ್ನು ಪುಕ್ಕಟೆ ಕೊಡಲು ಬಂತು. ಇಡೀ ಕೆರೆ ಉಳ್ಳವರಿಗೆ, ಎತ್ತರದಿಂದ ಹೊಯ್ದ ಬೊಗಸೆ ನೀರು ಬಡವರಿಗೆ! ಈ ದಾನದ ರುಚಿ ನಮ್ಮ ಹಿರಿಯರಿಗೆ ಗೊತ್ತಿತ್ತು. ತಾಣ ನೋಡಿ ದರ ಹಾಕುವುದನ್ನು ಟ್ರಾಯ್ 2016ರ ಫೆಬ್ರವರಿ 8ರಂದು ನಿಷೇಧಿಸಿತು. 2018ರಲ್ಲಿ ಕೇಂದ್ರ ಸರ್ಕಾರವೂ ನೆಟ್ ನ್ಯೂಟ್ರಾಲಿಟಿಯ ತತ್ವವನ್ನು ಒಪ್ಪಿತು. ಗೆಲುವು ದೊಡ್ಡದೇ.

ಆದರೆ ಆ ವಾದದಲ್ಲಿ 'ತಾರತಮ್ಯ' ಎಂಬ ಮಾತು ಅಂಟಿಕೊಂಡದ್ದು ಮಾಹಿತಿಗೆ. ತಂತಿಯೊಳಗೆ ಹರಿಯುವುದರಲ್ಲಿ ಮೇಲುಕೀಳು ಇರಬಾರದು, ಸರಿ. ತಂತಿಯ ಹೊರಗೆ ನಿಂತ ಮನುಷ್ಯರ ಗತಿ ಏನು? ನನ್ನ ವಿದ್ಯಾರ್ಥಿಗಳಲ್ಲಿ ಮನೆಗೆಲ್ಲ ಒಂದೇ ಫೋನು ಇರುವವರಿದ್ದಾರೆ. ಅಣ್ಣ ಕೂಲಿಗೆ ಒಯ್ದರೆ ತಂಗಿಗೆ ಆವತ್ತು ಪಾಠ ಇಲ್ಲ. ಕೇರಳ ಹೈಕೋರ್ಟು 2019ರಲ್ಲಿ ಅಂತರ್ಜಾಲವನ್ನು ಶಿಕ್ಷಣದ ಹಕ್ಕಿನೊಳಗೆ ಸೇರಿಸಿದೆ. ಅದೂ ಇನ್ನೂ ಕೇರಿಗೆ ನಡೆದು ಬರಬೇಕು.

ನಿರ್ಣಯಕ್ಕೂ ಬೊಗಸೆಗೂ ನಡುವಿನ ಈ ಅಂತರವೇ ದಲಿತ ವಿಮರ್ಶೆ ನಿಲ್ಲಬೇಕಾದ ಜಾಗ. ಕೆರೆ ತೆರೆದಿದೆ ಅಂದವರನ್ನು ಕೇಳೋಣ: ಕೇರಿಯಿಂದ ಅಲ್ಲಿಗೆ ದಾರಿ ಯಾವುದು? ಕೊಡ ಯಾರ ಕೈಲಿದೆ?