ಎರಡು ಬೇಗೂರು, ಹಲವು ಭಾಷೆ

ಬೇಗೂರಿನ ಶಾಸನ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಮಗ್ಗುಲಲ್ಲಿರುವ ಬೇಗೂರು. ಬೆಂಗಳೂರಿನ ಹೆಸರು ಹೇಳುವ, ಕ್ರಿ.ಶ. 890ರ ಸುಮಾರಿನ ವೀರಗಲ್ಲು ಇರುವುದು ಅಲ್ಲಿ. ಮೈಸೂರಿನಿಂದ ಊಟಿಗೆ ಹೋಗುವವರಿಗೆ ನಂಜನಗೂಡು ದಾಟಿದ ಮೇಲೆ, ಗುಂಡ್ಲುಪೇಟೆಗೆ ಮೊದಲು ಸಿಗುವ ಬೇಗೂರು ಬೇರೆಯೇ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಹೊಸದಲ್ಲ. ಹೊಸಹಳ್ಳಿಗಳನ್ನು ಎಣಿಸುವ ಸಾಹಸಕ್ಕಂತೂ ಯಾರೂ ಇಳಿಯಬಾರದು. ಆದರೆ ಸಾವಿರಾರು ಕಲ್ಲುಗಳ ಬರಹವನ್ನು ಪುಸ್ತಕಕ್ಕಿಳಿಸಲು ಹೊರಟವರಿಗೆ ಇದು ಬರೀ ತಮಾಷೆಯಲ್ಲ. ಇಂದು ಹಲವು ಪ್ರೋಗ್ರಾಮಿಂಗ್ ಭಾಷೆಗಳ ಕೋಡನ್ನು ಓದಿ ತಾನಾಗಿ ವಿವರಣೆ ಸಿದ್ಧಪಡಿಸುವ ತಂತ್ರಾಂಶಗಳಿಗೂ ಇದೇ ತೊಡಕು ಎದುರಾಗುತ್ತದೆ. ಎರಡು ಕಡತಗಳಲ್ಲಿ ಒಂದೇ ಹೆಸರಿನ ಫಂಕ್ಷನ್ ಇದ್ದರೆ ಯಾವುದು ಯಾವುದೆಂದು ಹೇಳುವುದು ಹೇಗೆ? ಹಲವು ಭಾಷೆಗಳನ್ನು ಒಂದೇ ಸಾಧನದಲ್ಲಿ ದಾಖಲಿಸುವುದು ಮೊದಲು ವಿಳಾಸದ ಸಮಸ್ಯೆ, ವ್ಯಾಕರಣದ ಸಮಸ್ಯೆ ಆಮೇಲಿನದು. ಮೈಸೂರು ಸೀಮೆಯ ಶಾಸನ ಸಂಪುಟಗಳ ಚರಿತ್ರೆ ಈ ಮಾತಿಗೆ ಒಳ್ಳೆಯ ಸಾಕ್ಷಿ.

1885ರಲ್ಲಿ ಶುರುವಾದ ಮೈಸೂರು ಪುರಾತತ್ವ ಇಲಾಖೆಯನ್ನು ಬಿ.ಎಲ್. ರೈಸ್ 1906ರವರೆಗೆ ನಡೆಸಿದರು. ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಶಾಸನಗಳು ಬಂದದ್ದು 1898ರ ನಾಲ್ಕನೆಯ ಸಂಪುಟದಲ್ಲಿ. ಕನ್ನಡ, ಸಂಸ್ಕೃತ, ತಮಿಳು, ಅಲ್ಲಲ್ಲಿ ತೆಲುಗು ಮತ್ತು ಪಾರಸಿ ಹೀಗೆ ಆ ಸೀಮೆಯ ಬರಹ ಒಂದೇ ಭಾಷೆಯದಾಗಿರಲಿಲ್ಲ. ಭಾಷೆಗೊಂದು ಸಂಪುಟ ಮಾಡಬಹುದಿತ್ತು, ಅರಸು ಮನೆತನಕ್ಕೊಂದು ಮಾಡಬಹುದಿತ್ತು. ರೈಸ್ ಹಿಡಿದದ್ದು ತಾಲ್ಲೂಕನ್ನು. ಪ್ರತಿ ತಾಲ್ಲೂಕಿಗೂ ತನ್ನದೇ ಕ್ರಮಸಂಖ್ಯೆ. ಹಾಗಾಗಿ ಗುಂಡ್ಲುಪೇಟೆಯ ಬೇಗೂರು ಬೆಂಗಳೂರಿನ ಬೇಗೂರಿನೊಂದಿಗೆ ಬೆರೆಯುವ ಪ್ರಶ್ನೆಯೇ ಬರಲಿಲ್ಲ. ಮೂಲಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿದ್ದರೂ ಸಂಖ್ಯೆ ಮಾತ್ರ ಒಂದೇ.

ಈ ಕ್ರಮದ ಗಟ್ಟಿತನ ತಿಳಿಯುವುದು ಬೆರಕೆ ಶಾಸನಗಳ ಮುಂದೆ. ಸ್ತುತಿ ಮತ್ತು ವಂಶಾವಳಿ ಸಂಸ್ಕೃತದಲ್ಲಿ, ದತ್ತಿ ಕೊಟ್ಟ ಹೊಲದ ಎಲ್ಲೆಕಟ್ಟು ಕನ್ನಡದಲ್ಲಿ ಇರುವ ದಾನಪತ್ರಗಳು ಬೇಕಾದಷ್ಟಿವೆ. ಕಾರಣ ಸರಳ: ದೇವರಿಗೂ ಪಂಡಿತರಿಗೂ ಸಂಸ್ಕೃತ ಸಾಕು, ಹಳ್ಳದ ಪಡುವಣ ದಿಕ್ಕಿನ ಹುಣಸೆಮರ ಯಾರದೆಂಬುದು ಊರವರಿಗೆ ತಿಳಿಯಬೇಕು. ರೈಸ್ ಇದನ್ನು ಭಾಷೆಯ ಪ್ರಕಾರ ಸೀಳಲಿಲ್ಲ. ಸಂಖ್ಯೆ ಸಿಕ್ಕಿದ್ದು ದಾಖಲೆಗೆ, ಭಾಷೆಗಲ್ಲ. ಇಂದಿನ ಒಂದು ವೆಬ್ ಕಡತದಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಒಟ್ಟಿಗೇ ಕುಳಿತಿರುತ್ತವೆ. ಒಂದು ಕಡತಕ್ಕೆ ಒಂದೇ ಭಾಷೆ ಎಂದು ನಂಬಿ ಕಟ್ಟಿದ ಸಾಧನ ಎಡವುವುದು ಇಲ್ಲಿಯೇ.

ತಂತ್ರಾಂಶದವರು ಈ ತಿಳಿವಿಗೆ ಬಂದದ್ದು ಸುತ್ತುಬಳಸಿ. ಕೋಡನ್ನೂ ಅದರ ವಿವರಣೆಯನ್ನೂ ಒಟ್ಟಿಗೇ ಬರೆಯಲು ಡೊನಾಲ್ಡ್ ಕ್ನೂತ್ ಕಟ್ಟಿದ 'ವೆಬ್' (ಇಂದಿನ ವೆಬ್‌ಗೂ ಇದಕ್ಕೂ ಸಂಬಂಧವಿಲ್ಲ) ಪ್ಯಾಸ್ಕಲ್ ಭಾಷೆಗೆ ಅಂಟಿಕೊಂಡಿತ್ತು. ಜಾವಾಡಾಕ್ ಹೆಸರಲ್ಲೇ ಜಾವಾ ಹೊತ್ತಿದೆ. 1989ರಲ್ಲಿ ನಾರ್ಮನ್ ರ‍್ಯಾಮ್ಸೆ ಶುರುಮಾಡಿದ 'ನೋವೆಬ್' ಯಾವ ಭಾಷೆಗಾದರೂ ಒಗ್ಗಿತು, ಏಕೆಂದರೆ ಅದು ಕೋಡನ್ನು ಅರ್ಥಮಾಡಿಕೊಳ್ಳುವ ಗೋಜಿಗೇ ಹೋಗಲಿಲ್ಲ. 1997ರ ಡಾಕ್ಸಿಜನ್ ಸಿ++ಗಾಗಿ ಹುಟ್ಟಿ ಮುಂದೆ ಪೈಥಾನ್, ಫೋರ್ಟ್ರಾನ್‌ಗಳಿಗೂ ಹಬ್ಬಿತು. ತನಗೆ ಬಾರದ ಭಾಷೆಯನ್ನು ಶೋಧಕವೊಂದರಿಂದ ತಾನು ಬಲ್ಲ ರೂಪಕ್ಕೆ ತಿರುಗಿಸಿಕೊಳ್ಳಲು ದಾರಿಯನ್ನೂ ಇಟ್ಟಿತು. ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಪೈಥಾನ್ ದಾಖಲೆಗಾಗಿ 2008ರಲ್ಲಿ ಬಂದ ಸ್ಫಿಂಕ್ಸ್. 2010ರ 1.0 ಆವೃತ್ತಿಯಲ್ಲಿ ಅದು ಪ್ರತಿ ಭಾಷೆಗೂ 'ಡೊಮೈನ್' ಎಂಬ ಬೇರೆ ವಲಯ ಕೊಟ್ಟಿತು. ಒಂದೊಂದು ವಲಯಕ್ಕೂ ತನ್ನದೇ ಹೆಸರುಗಳು, ತನ್ನದೇ ನಿಯಮಗಳು. ಅಡ್ಡ ಉಲ್ಲೇಖದ ಏರ್ಪಾಡು ಮಾತ್ರ ಎಲ್ಲಕ್ಕೂ ಒಂದೇ. ರೈಸರ ತಾಲ್ಲೂಕು ಮಾಡಿದ್ದೂ ಇದನ್ನೇ.

ಕಲ್ಲು ಬದಲಾಗುವುದಿಲ್ಲ, ಕೋಡ್ ದಿನವೂ ಬದಲಾಗುತ್ತದೆ, ಆದ್ದರಿಂದ ಈ ಹೋಲಿಕೆ ನಿಲ್ಲದು ಎನ್ನಬಹುದು. ಕಲ್ಲೇನೋ ನಿಂತಲ್ಲೇ ನಿಂತಿದೆ, ಆದರೆ ಅದರ ವಿಳಾಸ ನಿಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಸಂಪುಟಗಳನ್ನು ಪರಿಷ್ಕರಿಸಿದಾಗ ಗುಂಡ್ಲುಪೇಟೆ 1974ರ ಮೂರನೆಯ ಸಂಪುಟಕ್ಕೆ ಹೋಯಿತು, ಚಾಮರಾಜನಗರ ಮರುವರ್ಷದ ನಾಲ್ಕನೆಯದಕ್ಕೆ. 1997ರಲ್ಲಿ ಇವೆರಡೂ ಮೈಸೂರು ಜಿಲ್ಲೆಯಿಂದಲೇ ಹೊರಬಂದವು. ಯಾವ ಆವೃತ್ತಿಯ ಸಂಖ್ಯೆ ಎಂದು ಹೇಳದ ಉಲ್ಲೇಖ ಓದುಗನನ್ನು ಬೇರೆ ಕಲ್ಲಿನ ಮುಂದೆ ನಿಲ್ಲಿಸಬಹುದು. ಆವೃತ್ತಿಯ ಗುರುತಿಲ್ಲದ ಕೋಡ್ ವಿವರಣೆಯ ಪಾಡೂ ಅಷ್ಟೇ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಒಂದೇ ಚೌಕಟ್ಟು ಎಲ್ಲವನ್ನೂ ತನ್ನ ಅಚ್ಚಿಗೆ ಎರೆದುಬಿಡುತ್ತದೆ. ಇದನ್ನು ಒಪ್ಪಲೇಬೇಕು. ಅರಸ, ಕಾಲ, ದಾನಿ, ದತ್ತಿ ಎಂಬ ಚೌಕಟ್ಟು ದಾನಶಾಸನಕ್ಕೆ ಹೇಳಿಮಾಡಿಸಿದ್ದು. ವೀರಗಲ್ಲಿನಲ್ಲಿ ಅರ್ಧ ಮಾತು ಹೇಳುವುದು ಶಿಲ್ಪ, ಅಕ್ಷರಕ್ಕೇ ಒತ್ತುಕೊಟ್ಟ ಸಂಪುಟದಲ್ಲಿ ಅದು ಬಹುಮಟ್ಟಿಗೆ ಹೊರಗುಳಿಯಿತು. ಹಾಗೆಯೇ ಫಂಕ್ಷನ್ ಏನು ಪಡೆಯುತ್ತದೆ, ಏನು ಹಿಂದಿರುಗಿಸುತ್ತದೆ ಎಂಬ ಅಂಕಣಗಳು ಸಿ, ಜಾವಾಗಳಿಗೆ ಹೊಂದುತ್ತವೆ. ಸಂಬಂಧಗಳನ್ನಷ್ಟೇ ಹೇಳುವ ಪ್ರೊಲಾಗ್‌ಗೆ ಬಿಗಿಯಾಗುತ್ತವೆ. ಚೌಕಟ್ಟು ವಿಳಾಸವನ್ನಷ್ಟೇ ಒಂದಾಗಿಸಬೇಕು, ಒಳಗಿನ ಅಂಕಣಗಳನ್ನು ಆಯಾ ಭಾಷೆಗೆ ಬಿಡಬೇಕು ಎನ್ನುವುದು ಇದಕ್ಕಾಗಿಯೇ.

ಈಗ ಯಾವ ಭಾಷೆಯ ಕೋಡನ್ನಾದರೂ ಓದಿ ಹಿತವಾದ ವಾಕ್ಯಗಳಲ್ಲಿ ವಿವರಿಸುವ ಯಂತ್ರಗಳು ಬಂದಿವೆ, ಇನ್ನು ಈ ವಿಳಾಸದ ಹಂಗೇಕೆ ಎಂಬ ಮಾತೂ ಇದೆ. ಇದಕ್ಕೂ ಉತ್ತರ ಆ ಸಂಪುಟಗಳಲ್ಲೇ ಇದೆ. ರೈಸರ ಅನುವಾದಗಳನ್ನೂ ಕಾಲನಿರ್ಣಯಗಳನ್ನೂ ಆಮೇಲಿನ ವಿದ್ವಾಂಸರು ಹಲವೆಡೆ ತಿದ್ದಿದ್ದಾರೆ. ತಿದ್ದಲು ಸಾಧ್ಯವಾದದ್ದು ಅದೇ ಸಂಖ್ಯೆಯಡಿ ಮೂಲಪಾಠವೂ ಅಚ್ಚಾಗಿತ್ತೆಂದು, ಆ ಊರಿಗೆ ಹೋಗಿ ಕಲ್ಲಿನೊಂದಿಗೆ ಪಾಠವನ್ನು ತಾಳೆನೋಡಬಹುದಿತ್ತೆಂದು. ಯಂತ್ರ ಬರೆದ ವಿವರಣೆಯೂ ಅನುವಾದ ಭಾಗಕ್ಕೇ ಸೇರಿದ್ದು. ಯಾವ ಕಡತದ, ಯಾವ ಆವೃತ್ತಿಯ, ಯಾವ ಸಾಲಿನ ಮೇಲೆ ಬರೆದದ್ದೆಂದು ಹೇಳದಿದ್ದರೆ ಅದನ್ನು ತಾಳೆನೋಡಲು ದಾರಿಯೇ ಇರುವುದಿಲ್ಲ.