ಸಕ್ಕರೆ ನೀರಿನ ಸೀಸೆ, ಮತ್ತೆ ಅದನ್ನ ತೊಳೆಯೋರು

ಪೋಸ್ಟ್ 1

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ನಾನು ಸ್ಟೋರಿಯಲ್ಲಿ "ನಮ್ಮನೆ ದಾಸವಾಳಕ್ಕೆ ಹಮ್ಮಿಂಗ್ ಬರ್ಡ್ ಬಂದಿದೆ" ಅಂತ ಹಾಕಿದ್ದೆ. ನಿಮ್ಮಲ್ಲಿ ತುಂಬಾ ಜನ ಹಾರ್ಟ್ ಒತ್ತಿದ್ರಿ. ಅದು ಹಮ್ಮಿಂಗ್ ಬರ್ಡ್ ಅಲ್ಲ, ಸೂರಕ್ಕಿ. ಹಮ್ಮಿಂಗ್ ಬರ್ಡ್‌ಗಳು ಇರೋದು ಉತ್ತರ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ. ಅಲ್ಲಿ 300ಕ್ಕೂ ಹೆಚ್ಚು ಜಾತಿ ಇವೆ, ನಮ್ಮ ತುಮಕೂರಿಗೆ ಒಂದೂ ಬರಲ್ಲ. ಇದು ಗೊತ್ತಾಗೋ ಮೊದಲೇ ನಾನು ಆನ್‌ಲೈನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಫೀಡರ್ ತರಿಸಿ, ಸಕ್ಕರೆ ನೀರು ತುಂಬಿ, ಬಾಲ್ಕನಿಯಲ್ಲಿ ನೇತು ಹಾಕಿದ್ದೆ. ಬಂದಿದ್ದು ಇರುವೆ.

ನಿಜವಾದ ಹಮ್ಮಿಂಗ್ ಬರ್ಡ್ ಬರೋದು ನಮ್ಮ ಚಿಕ್ಕಮ್ಮನ ಮನೆಗೆ. ಅವರಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಲ್ಲಿ ಆನ್ನಾಸ್ ಹಮ್ಮಿಂಗ್ ಬರ್ಡ್ ಅನ್ನೋ ಜಾತಿ ವರ್ಷಪೂರ್ತಿ ಇರುತ್ತೆ. ಗೃಹಪ್ರವೇಶಕ್ಕೆ ಯಾರೋ ಒಂದು ಗಾಜಿನ ಫೀಡರ್ ಕೊಟ್ಟಿದ್ರು. ನೀಲಿ-ಹಸಿರು ಬಣ್ಣ, ಸಣ್ಣ ಕುತ್ತಿಗೆ, ನೋಡೋಕೆ ದೇವರ ಮನೆಯಲ್ಲಿಡೋ ಹಾಗಿದೆ. ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಅದರ ಕೆಳಗಿನ ಕಂಬಿ ಮೇಲೆ ಒಂದು ಹಕ್ಕಿ ಗರಿಯೆಲ್ಲ ಉಬ್ಬಿಸಿಕೊಂಡು ಅಲ್ಲಾಡದೆ ಕೂತಿತ್ತಂತೆ. ಚಿಕ್ಕಮ್ಮ ಮಗನನ್ನ ಸ್ಕೂಲಿಗೆ ಬಿಟ್ಟು ಬರೋಷ್ಟರಲ್ಲಿ ಇರಲಿಲ್ಲ. ಆಮೇಲೆ ಫೀಡರನ್ನ ಬೆಳಕಿಗೆ ಹಿಡಿದು ನೋಡಿದ್ರೆ ಕುತ್ತಿಗೆಯ ಒಳಗೆ ಸುತ್ತಲೂ ಕಪ್ಪು ಕಪ್ಪು ಚುಕ್ಕೆ.

ರಾತ್ರಿ ನಮಗೆ ವಿಡಿಯೋ ಕಾಲ್ ಮಾಡಿದ್ರು. "ನಾನೇ ಏನಾದ್ರೂ ಮಾಡಿಬಿಟ್ನೇನೇ?" ಅಂತ ಕೇಳಿದಾಗ ಅವರ ಮುಖ ನೋಡೋಕಾಗಲಿಲ್ಲ.

ನಾನು ಓದ್ತಿರೋದು ಬಿಕಾಂ. ಹಕ್ಕಿ ಡಾಕ್ಟರ್ ಅಲ್ಲ. ಆದ್ರೆ ಈ ಪೇಜಿನಲ್ಲಿ ನಾವು ಪ್ರತಿ ಸಲ ಮಾಡೋದು ಇದೇ ತಾನೇ? ಒಂದು ವಸ್ತು ತಗೊಂಡು ಅದು ಎಲ್ಲಿಂದ ಬಂತು ಅಂತ ಹುಡುಕೋದು. ಈ ಸಲದ ವಸ್ತು: ಹಮ್ಮಿಂಗ್ ಬರ್ಡ್ ಫೀಡರ್.

ಪೋಸ್ಟ್ 2

ಈ ಹಕ್ಕಿಗೆ ಸಕ್ಕರೆ ನೀರು ಕೊಡಬೇಕು ಅಂತ ಯಾರಿಗೆ ಹೊಳೀತು?

ಪೂರ್ವ ಅಮೆರಿಕದ ಮಾಣಿಕ್ಯಗೊರಳಿನ ಹಮ್ಮಿಂಗ್ ಬರ್ಡ್ ಸುಮಾರು 3 ಗ್ರಾಂ ತೂಗುತ್ತೆ. ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಇಷ್ಟು ಪುಟ್ಟ ಜೀವವನ್ನ ಪಂಜರದಲ್ಲಿ ಸಾಕೋಕೆ ಜನ ಹೊರಟಿದ್ರು. ಪಕ್ಷಿಚಿತ್ರಗಳಿಗೆ ಹೆಸರಾದ ಜಾನ್ ಜೇಮ್ಸ್ ಆಡುಬಾನ್ 1830ರ ದಶಕದ ತನ್ನ ಬರಹದಲ್ಲಿ ಇದನ್ನ ಹೇಳ್ತಾನೆ: ಬರೀ ಜೇನು ನೀರು, ಸಕ್ಕರೆ ನೀರು ಕೊಟ್ಟು ಸಾಕಿದ ಹಕ್ಕಿಗಳು ಸೊರಗಿ ಸತ್ತವು. ದಿನಾ ತಾಜಾ ಹೂವು ತಂದಿಟ್ಟು, ಕಿಟಕಿಗೆ ಸಣ್ಣ ಹುಳ ಒಳಗೆ ಬರೋವಂಥ ಪರದೆ ಕಟ್ಟಿದ ಕಡೆ ಬದುಕಿದವು. ಯಾಕಂದ್ರೆ ಹಮ್ಮಿಂಗ್ ಬರ್ಡ್‌ಗೆ ಸಿಹಿ ಬರೀ ಪೆಟ್ರೋಲ್ ಇದ್ದ ಹಾಗೆ. ಮೈ ಕಟ್ಟೋಕೆ ಹುಳ ಬೇಕು. ಫೀಡರ್ ಅನ್ನೋದು ಹುಟ್ಟೋ ಮೊದಲೇ ಅದರ ಮಿತಿಯನ್ನ ಒಬ್ಬ ಬರೆದಿಟ್ಟಿದ್ದ.

ಪಂಜರ ಬಿಟ್ಟು, ಹೊರಗೆ ಹಾರಾಡೋ ಹಕ್ಕಿಗೆ ನೀರಿಟ್ಟ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಕ್ಯಾರೊಲಿನ್ ಸೂಲ್ ಅನ್ನೋ ಮಹಿಳೆಯದು. ಬರ್ಡ್-ಲೋರ್ ಅನ್ನೋ ಪತ್ರಿಕೆಯಲ್ಲಿ 1900ರಲ್ಲಿ ಬಂತು. ಅವರು ಮಾಡಿದ್ದು ಏನು ಗೊತ್ತಾ? ಗಟ್ಟಿ ಕಾಗದದ ಮೇಲೆ ಕಹಳೆಯಾಕಾರದ ಹೂವಿಗೆ ಬಣ್ಣ ಬಳಿದು, ಅದರೊಳಗೆ ಒಂದು ಪುಟ್ಟ ಸೀಸೆ ಇಟ್ಟು, ಸಕ್ಕರೆ ನೀರು ಹಾಕಿ, ಬಳ್ಳಿಗೆ ಕಟ್ಟಿದ್ರು. ಹಕ್ಕಿ ಬಂದು ಕುಡೀತು. ಥೇಟ್ ನಮ್ಮ ಪ್ರೈಮರಿ ಸ್ಕೂಲಿನ ಕ್ರಾಫ್ಟ್ ಪೀರಿಯಡ್.

ಒಂದು ಗಮನಿಸಿ. ಇಲ್ಲಿ ಸೀಸೆ ಆರಿಸಿದವರು, ತುಂಬಿದವರು, ಕುಡಿಯೋದನ್ನ ಹತ್ತಿರದಿಂದ ನೋಡಿದವರು ಎಲ್ಲಾ ಒಬ್ಬರೇ. ಮುಂದಕ್ಕೆ ಇದು ಬೇರೆ ಬೇರೆ ಆಗುತ್ತೆ.

ಪೋಸ್ಟ್ 3

1928ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಮಾರ್ಗರೆಟ್ ಬೊಡೀನ್ ಅನ್ನೋವರು ಬೇಸಿಗೆ ರಜೆಯಲ್ಲಿ ಸಣ್ಣ ಸೀಸೆಗಳಿಂದ ಹಮ್ಮಿಂಗ್ ಬರ್ಡ್‌ಗಳಿಗೆ ಕುಡಿಸಿದ ಬಗ್ಗೆ ಲೇಖನ ಬರೆದ್ರು. ಅದನ್ನ ಓದಿದವರಲ್ಲಿ ಲಾರೆನ್ಸ್ ವೆಬ್‌ಸ್ಟರ್ ಅನ್ನೋರ ಹೆಂಡತಿ ಒಬ್ಬರು. ತನಗೂ ಬೇಕು ಅಂದ್ರು. ಗಂಡ ಸುಮ್ಮನೆ ಅಂಗಡಿಗೆ ಹೋಗಲಿಲ್ಲ, ಹೋಗಿದ್ರೂ ಸಿಗ್ತಿರಲಿಲ್ಲ. ಎಂಐಟಿಯ ಪ್ರಯೋಗಾಲಯದಲ್ಲಿ ಗಾಜು ಊದಿ ಪರೀಕ್ಷಾ ನಳಿಕೆ ಮಾಡೋ ಕುಶಲಕರ್ಮಿ ಹತ್ತಿರ ಮಾಡಿಸಿಕೊಂಡು ಬಂದ್ರು. ಸುಮಾರು 1929. (ನಮ್ಮಪ್ಪ ಹತ್ರ ಅಮ್ಮ ಮಿಕ್ಸಿ ಜಾರ್ ರಿಪೇರಿ ಮಾಡಿಸಿ ಅಂತ ಹೇಳಿ ಆರು ತಿಂಗಳಾಯ್ತು. ಇರಲಿ.)

ವೆಬ್‌ಸ್ಟರ್ ದಂಪತಿಯ ಬೇಸಿಗೆ ಮನೆ ಇದ್ದದ್ದು ನ್ಯೂ ಹ್ಯಾಂಪ್‌ಶೈರ್‌ನ ಹೋಲ್ಡರ್‌ನೆಸ್‌ನಲ್ಲಿ. ಅಲ್ಲಿಗೆ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಕ್ಯಾಮೆರಾ ಹೊತ್ತುಕೊಂಡು ಹೋದ್ರು. ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಏಳೋ ಫೋಟೋ ನೋಡಿದ್ದೀರಲ್ಲ, ಅದನ್ನ ತೆಗೆದವರು ಇವರೇ. ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು ಹೊಳೆಯೋ ಫ್ಲ್ಯಾಶ್ ಅವರದು. ಸೆಕೆಂಡಿಗೆ ಹತ್ತಾರು ಸಲ ಬಡಿಯೋ ರೆಕ್ಕೆ ಆ ಫ್ಲ್ಯಾಶಿನಲ್ಲಿ ಗಾಳಿಯಲ್ಲೇ ನಿಂತುಬಿಡ್ತು. ಆದ್ರೆ ಫ್ಲ್ಯಾಶ್ ಒಂದಿದ್ರೆ ಸಾಲದು, ಹಕ್ಕಿ ಕ್ಯಾಮೆರಾ ಮುಂದೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ಆ ಕೆಲಸ ಮಾಡಿದ್ದು ಫೀಡರ್. 1947ರ ಆಗಸ್ಟ್‌ನಲ್ಲಿ ಆ ಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು.

ಫೋಟೋ ನೋಡಿದವರಿಗೆ ಹಕ್ಕಿ ಜೊತೆಗೆ ಆ ಗಾಜಿನ ಸೀಸೆಯೂ ಕಣ್ಣಿಗೆ ಬಿತ್ತು. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಮೆಡೀನಾ ಊರಿನ ಆಡುಬಾನ್ ನಾವೆಲ್ಟಿ ಕಂಪನಿ ವೆಬ್‌ಸ್ಟರ್ ಹೆಸರಲ್ಲೇ ನೇತು ಹಾಕೋ ಫೀಡರ್ ಮಾರೋಕೆ ಶುರು ಮಾಡ್ತು. ಅಂಗಡಿ ಸರಕಾಗಿ ಬಂದ ಮೊದಲ ಹಮ್ಮಿಂಗ್ ಬರ್ಡ್ ಫೀಡರ್ ಇದೇ ಅಂತಾರೆ.

ಕಾಮರ್ಸ್‌ನವರಿಗೆ ಒಂದು ಬೋನಸ್: ಆಗಿನ ಕಾಲದ ದೈತ್ಯ ಕಂಪನಿ ಡ್ಯೂಪಾಂಟ್‌ನ ಅಧ್ಯಕ್ಷ ಕ್ರಾಫರ್ಡ್ ಗ್ರೀನ್‌ವಾಲ್ಟ್ ಬಿಡುವಿನಲ್ಲಿ ಮಾಡ್ತಿದ್ದದ್ದು ಏನು? ಹಮ್ಮಿಂಗ್ ಬರ್ಡ್ ಫೋಟೋಗ್ರಫಿ. 1960ರಲ್ಲಿ ಪುಸ್ತಕವನ್ನೇ ತಂದ್ರು.

ಪೋಸ್ಟ್ 4

ಫಸ್ಟ್ ಸೆಮ್ ಮಾರ್ಕೆಟಿಂಗ್ ನೆನಪಿದೆಯಾ? ಕಸ್ಟಮರ್ ಬೇರೆ, ಕನ್ಸ್ಯೂಮರ್ ಬೇರೆ. ದುಡ್ಡು ಕೊಡೋರು ಒಬ್ಬರು, ಬಳಸೋರು ಇನ್ನೊಬ್ಬರು. ಮೇಡಂ ಮಗುವಿನ ಡೈಪರ್ ಉದಾಹರಣೆ ಕೊಟ್ಟಿದ್ರು. ನನ್ನ ಪ್ರಕಾರ ಅದಕ್ಕಿಂತ ಒಳ್ಳೆ ಉದಾಹರಣೆ ಈ ಫೀಡರ್. ಮಗು ಅಳುತ್ತಾದ್ರೂ ಅಳುತ್ತೆ. ಹಕ್ಕಿ ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೆಯಲ್ಲ.

ಹಾಗಾಗಿ ಕೊಳ್ಳೋರ ಕಣ್ಣಿಗೆ ಏನು ಚಂದವೋ ಅದು ಬೆಳೀತಾ ಹೋಯ್ತು. ಕೆಂಪು ಬಣ್ಣವನ್ನೇ ತಗೊಳ್ಳಿ. ಹಮ್ಮಿಂಗ್ ಬರ್ಡ್‌ಗೆ ಕೆಂಪು ಬೇಗ ಕಣ್ಣಿಗೆ ಬೀಳುತ್ತೆ, ನಿಜ. ಅದಕ್ಕೆ ಫೀಡರಿನ ಮೇಲೆ ಒಂದು ಕೆಂಪು ಹೂವಿನಾಕಾರ ಇದ್ರೆ ಸಾಕು. ಆದ್ರೆ ನೀರನ್ನೇ ಕೆಂಪು ಮಾಡೋ ಪುಡಿ, ದ್ರಾವಣ ಮಾರಾಟಕ್ಕೆ ಬಂದವು, ಇವತ್ತಿಗೂ ಇವೆ. ಹೂವಿನ ಮಕರಂದ ನೋಡಿದ್ದೀರಾ? ಅದು ಸಾಮಾನ್ಯವಾಗಿ ನೀರಿನ ಹಾಗೆ ಇರುತ್ತೆ. ಅಮೆರಿಕದಲ್ಲಿ ಮನುಷ್ಯರ ತಿಂಡಿಗೆ ಹಾಕ್ತಿದ್ದ ರೆಡ್ ನಂಬರ್ 2 ಅನ್ನೋ ಬಣ್ಣವನ್ನ 1976ರಲ್ಲಿ ಸರ್ಕಾರವೇ ನಿಷೇಧಿಸಿತು. ಆಮೇಲೆ ಬೇರೆ ಕೆಂಪು ಬಂತು. ದಿನಕ್ಕೆ ತನ್ನ ತೂಕದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಸಿಹಿನೀರು ಹೀರೋ 3-4 ಗ್ರಾಂ ದೇಹಕ್ಕೆ, ಬೇಡದ ಬಣ್ಣ ಯಾಕೆ ಹಾಕಬೇಕು? ಇದಕ್ಕೆ ನನಗೆ ಸಿಕ್ಕ ಒಂದೇ ಉತ್ತರ: ಅಂಗಡಿಯ ಕಪಾಟಿನಲ್ಲಿ ಚಂದ ಕಾಣ್ಸುತ್ತೆ.

ಚಿಕ್ಕಮ್ಮನ ನೀಲಿ ಸೀಸೆಯದೂ ಇದೇ ಕಥೆ. ಬಣ್ಣದ ಗಾಜಿನಲ್ಲಿ ನೀರು ಕಲಕಿದ್ದು ಹೊರಗೆ ಕಾಣಲ್ಲ. ಸಣ್ಣ ಕುತ್ತಿಗೆಯಲ್ಲಿ ಬ್ರಶ್ ಹೋಗಲ್ಲ. ಫೋಟೋದಲ್ಲಿ ಮಾತ್ರ ಸೂಪರ್.

ಪೋಸ್ಟ್ 5

ಈ ಪೋಸ್ಟಿನ ಕ್ರೆಡಿಟ್ ನಮ್ಮಜ್ಜಿಗೆ. ವಿಡಿಯೋ ಕಾಲ್ ನಡೀತಿದ್ದಾಗ ಹಿಂದೆ ಕೂತು ಕೇಳಿಸಿಕೊಂಡು ಅಂದ್ರು: "ರಾಮನವಮಿ ಪಾನಕ ಮಾರನೇ ದಿನಕ್ಕೆ ಏನಾಗುತ್ತೆ? ಆ ಪಾತ್ರೆ ತೊಳೆಯದೆ ಅದರಲ್ಲೇ ಇನ್ನೊಂದು ಪಾನಕ ಮಾಡ್ತೀರಾ?"

ಮುಗೀತು. ವಿಜ್ಞಾನ ಇಷ್ಟೇ.

ಸಕ್ಕರೆ ನೀರು ಬಿಸಿಲಿಗೆ ನಿಂತ್ರೆ ಯೀಸ್ಟ್ ಬೆಳೆಯುತ್ತೆ, ಹುಳಿ ಬರುತ್ತೆ, ಸಕ್ಕರೆ ಒಂದಿಷ್ಟು ಆಲ್ಕೋಹಾಲ್ ಆಗುತ್ತೆ. ಬರ್ಕ್ಲಿ ವಿಶ್ವವಿದ್ಯಾಲಯದ ರಾಬರ್ಟ್ ಡಡ್ಲಿ ಮತ್ತವರ ತಂಡ ಇದನ್ನೇ ಪರೀಕ್ಷೆ ಮಾಡಿ 2023ರಲ್ಲಿ ಪ್ರಕಟಿಸಿದ್ರು. ಆಫೀಸಿನ ಕಿಟಕಿ ಹೊರಗೆ ಫೀಡರ್, ಗಿರಾಕಿಗಳು ಮೂರು ಗಂಡು ಆನ್ನಾಸ್ ಹಮ್ಮಿಂಗ್ ಬರ್ಡ್. 1% ಆಲ್ಕೋಹಾಲ್ ಇದ್ರೂ ಅವು ತಲೆ ಕೆಡಿಸಿಕೊಳ್ಳದೆ ಕುಡಿದವು. 2% ಮಾಡಿದಾಗ ಕುಡಿಯೋದು ಸುಮಾರು ಅರ್ಧಕ್ಕೆ ಇಳೀತು. ಅಂದ್ರೆ ನೀರು ಸ್ವಲ್ಪ ಕೆಟ್ಟಿದ್ರೂ ಹಕ್ಕಿ ಬರುತ್ತೆ. "ಹಕ್ಕಿ ಬರ್ತಾ ಇದೆ, ಹಾಗಾದ್ರೆ ನೀರು ಚೆನ್ನಾಗಿದೆ" ಅನ್ನೋ ಲೆಕ್ಕ ತಪ್ಪು. ಚಿಕ್ಕಮ್ಮ ಮಾಡಿದ್ದು ಇದೇ ಲೆಕ್ಕ.

ಅವರಿಗೆ ಸ್ವಲ್ಪ ಸಮಾಧಾನ ಆಗೋ ವಿಷಯವೂ ಸಿಕ್ತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಸಂಶೋಧಕರು ಫೀಡರ್ ನೀರಿನ ಸೂಕ್ಷ್ಮಜೀವಿಗಳನ್ನ ನೋಡಿ 2019ರಲ್ಲಿ ಹೇಳಿದ್ದು: ಅಲ್ಲಿ ಬೇಕಾದಷ್ಟು ಬ್ಯಾಕ್ಟೀರಿಯಾ, ಬೂಸ್ಟು ಇವೆ, ಆದ್ರೆ ಹೆಚ್ಚಿನವು ರೋಗ ತರೋವು ಅಂತ ಗೊತ್ತಿರೋವಲ್ಲ. ಜೊತೆಗೆ ಚಳಿ ರಾತ್ರಿಗಳಲ್ಲಿ ಹಮ್ಮಿಂಗ್ ಬರ್ಡ್ ಮೈ ತಣ್ಣಗೆ ಮಾಡಿಕೊಂಡು, ಎದೆಬಡಿತ ಇಳಿಸಿಕೊಂಡು, ಜಡವಾಗಿ ಕೂತುಬಿಡುತ್ತೆ, ಬೆಳಿಗ್ಗೆ ಮೈ ಬಿಸಿ ಮಾಡಿಕೊಂಡು ಹಾರಿಹೋಗುತ್ತೆ. ಜನವರಿ ಬೆಳಿಗ್ಗೆ ಗರಿ ಉಬ್ಬಿಸಿಕೊಂಡು ಕೂತಿದ್ದ ಹಕ್ಕಿ ಹಾಗೇ ಹೋಗಿರಬಹುದು. ಕಾಯಿಲೆಯೂ ಆಗಿರಬಹುದು. ಎರಡನ್ನೂ ಹೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರಿ, ಯಾವ ಫೀಡರ್ ತಗೊಳ್ಳಲಿ?" ಅಂದ್ರು.

ಪೋಸ್ಟ್ 6

ಅವರಿಗೆ ನಾನು ಕಳಿಸಿದ ವಾಯ್ಸ್ ನೋಟ್ ಇಲ್ಲಿ ಬರಹದಲ್ಲಿ. ಅಮೆರಿಕದಲ್ಲಿ ಅಕ್ಕನೋ ಅತ್ತೆಯೋ ಇದ್ರೆ ಫಾರ್ವರ್ಡ್ ಮಾಡಿ.

ಫೀಡರ್ ಮುಖ್ಯವಾಗಿ ಎರಡು ಥರ. ಒಂದು ಬಾಟಲಿ ತಲೆಕೆಳಗು ಮಾಡಿ ಕೆಳಗೆ ತಟ್ಟೆ ಇರೋದು. ಒಳಗೆ ನಿರ್ವಾತ ಇರೋದ್ರಿಂದ ನೀರು ಸುರಿಯದೆ ನಿಲ್ಲುತ್ತೆ. ಬಿಸಿಲು ಬಿದ್ರೆ ಮೇಲಿನ ಗಾಳಿ ಹಿಗ್ಗಿ ನೀರನ್ನ ಕೆಳಕ್ಕೆ ತಳ್ಳುತ್ತೆ, ತೊಟ್ಟಿಕ್ಕುತ್ತೆ, ಇರುವೆ ಜೇನ್ನೊಣ ಎಲ್ಲಾ ಹಾಜರ್. ಇನ್ನೊಂದು ಅಗಲವಾದ ಬಟ್ಟಲು, ಮೇಲೆ ತೂತಿರೋ ಮುಚ್ಚಳ. ನೀರು ಕೆಳಗಿರುತ್ತೆ, ಹಕ್ಕಿ ಉದ್ದ ನಾಲಿಗೆ ಚಾಚಿ ಕುಡಿಯುತ್ತೆ, ಜೇನ್ನೊಣಕ್ಕೆ ಎಟುಕಲ್ಲ. ಇದು ಸೋರಲ್ಲ, ಮುಚ್ಚಳ ತೆಗೆದ್ರೆ ಇಡೀ ಕೈ ಒಳಗೆ ಹೋಗುತ್ತೆ. ನನ್ನ ಓಟು ಇದಕ್ಕೇ. ಚಿಕ್ಕದು ತಗೊಳ್ಳಿ. ದೊಡ್ಡದು ತಗೊಂಡ್ರೆ "ಇನ್ನೂ ಮುಗಿದಿಲ್ಲವಲ್ಲ" ಅಂತ ತೊಳೆಯೋದನ್ನ ಮುಂದೆ ಹಾಕ್ತೀವಿ. ಹಳದಿ ಹೂವಿನ ಅಲಂಕಾರ ಬೇಡ, ಹಳದಿಗೆ ಜೇನ್ನೊಣ ಬರುತ್ತೆ.

ಇರುವೆಗೆ ಫೀಡರ್ ಮೇಲೆ ಒಂದು ನೀರಿನ ಬಟ್ಟಲು ನೇತು ಹಾಕ್ತಾರೆ. ಅಜ್ಜಿ ಮನೆಯಲ್ಲಿ ತಿಂಡಿ ಬೀರುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡ್ತಿದ್ರಲ್ಲ, ಅದೇ ಉಪಾಯ.

ನೀರು: ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಹಮ್ಮಿಂಗ್ ಬರ್ಡ್ ಹೋಗೋ ಹೂವುಗಳ ಮಕರಂದದ ಸಿಹಿಗೆ ಇದು ಹತ್ತಿರ. ಜೇನು ಬೇಡ, ನೀರು ಸೇರಿದ ಕೂಡಲೇ ಬೂಸ್ಟಿಗೆ ಹಬ್ಬ. ಬೆಲ್ಲವೂ ಬೇಡ, ಅದರ ಕಬ್ಬಿಣದ ಅಂಶ ಈ ಹಕ್ಕಿಗೆ ಆಗಿಬರಲ್ಲ. (ಅಜ್ಜಿಗೆ ಇದು ಒಪ್ಪಿಗೆ ಇಲ್ಲ. "ಬೆಲ್ಲ ಯಾರಿಗೆ ಆಗಲ್ಲ?") ಉಳಿದದ್ದು ಫ್ರಿಜ್‌ನಲ್ಲಿ.

ತೊಳೆಯೋದು: ಸೆಖೆಗಾಲದಲ್ಲಿ ಎರಡು ದಿನಕ್ಕೊಮ್ಮೆ, ಚಳಿಯಲ್ಲಿ ವಾರಕ್ಕೊಮ್ಮೆ, ನೀರು ಮಂಕಾಗಿ ಕಂಡ್ರೆ ಆಗಲೇ. ಹಳೇ ನೀರಿನ ಮೇಲೆ ಹೊಸದು ಸುರಿಯೋದು ಮಾತ್ರ ಬೇಡವೇ ಬೇಡ. ಎಲ್ಲಾ ಭಾಗ ಬಿಚ್ಚಿ, ಬಿಸಿನೀರು, ಬ್ರಶ್. ತೂತುಗಳಿಗೆ ಸಣ್ಣ ಬ್ರಶ್ ಬೇಕು, ಬೂಸ್ಟು ಕೂರೋದು ಅಲ್ಲೇ. ಜಿಡ್ಡು ಹೋಗದಿದ್ರೆ ನೀರು ಬೆರೆಸಿದ ವಿನೆಗರ್. ಕಪ್ಪು ಚುಕ್ಕೆ ಬಂದಿದ್ರೆ ಸುಮಾರು 4 ಲೀಟರ್ ನೀರಿಗೆ 60 ಎಂಎಲ್ ಬ್ಲೀಚ್ ಹಾಕಿ ಒಂದು ಗಂಟೆ ಮುಳುಗಿಸಿಡಿ. ವಿನೆಗರ್, ಬ್ಲೀಚ್ ಎರಡನ್ನೂ ಯಾವತ್ತೂ ಒಟ್ಟಿಗೆ ಸೇರಿಸಬೇಡಿ, ವಿಷಗಾಳಿ ಬರುತ್ತೆ. ಆಮೇಲೆ ವಾಸನೆ ಪೂರ್ತಿ ಹೋಗೋ ತನಕ ತೊಳೆದು, ಒಣಗಿಸಿ.

ಪೋಸ್ಟ್ 7

ಕೊನೇದು, ಸ್ವಲ್ಪ ತಲೆ ತಿರುಗಿಸೋ ವಿಷಯ. ನೂರು ವರ್ಷದ ಹಿಂದೆ ಆನ್ನಾಸ್ ಹಮ್ಮಿಂಗ್ ಬರ್ಡ್ ಹೆಚ್ಚಾಗಿ ಇದ್ದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಕಡೆ. ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಗೂಡು ಕಟ್ಟುತ್ತೆ. ಆಸ್ಟ್ರೇಲಿಯಾದಿಂದ ತಂದು ನೆಟ್ಟ ಮರಗಳು (ನಮ್ಮಲ್ಲಿ ನೀಲಗಿರಿ ಅಂತೀವಲ್ಲ, ಅವೇ), ಮನೆ ತೋಟಗಳು, ಮತ್ತೆ ಫೀಡರ್‌ಗಳು ದಾರಿ ಮಾಡಿಕೊಟ್ಟವು. 2025ರಲ್ಲಿ ಬಂದ ಒಂದು ಅಧ್ಯಯನ ಮ್ಯೂಸಿಯಂಗಳಲ್ಲಿಟ್ಟ ಹಳೇ ಹಕ್ಕಿಗಳನ್ನ ಅಳೆದು, ಹಳೇ ದಿನಪತ್ರಿಕೆಗಳಲ್ಲಿ ಫೀಡರ್ ಪ್ರಸ್ತಾಪ ಹುಡುಕಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿತು. ಎರಡನೇ ಮಹಾಯುದ್ಧದ ನಂತರ, ಫೀಡರ್ ಹೆಚ್ಚಿದ ಕಡೆ, ಈ ಹಕ್ಕಿಯ ಕೊಕ್ಕೇ ಉದ್ದವಾಗಿ, ಚೂಪಾಗಿ ಬದಲಾಗಿದೆ. ಮನೆಯವರು ನೇತು ಹಾಕಿದ ಸೀಸೆ ಹಕ್ಕಿಯ ಮುಖವನ್ನ ತಿದ್ದಿಬಿಟ್ಟಿದೆ!

ಚಿಕ್ಕಮ್ಮ ಈಗ ಬಟ್ಟಲಿನ ಥರದ್ದು ತಂದಿದ್ದಾರೆ. ನೀಲಿ ಸೀಸೆಯಲ್ಲಿ ಒಣಹೂವು ಇಟ್ಟಿದ್ದಾರೆ. ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕ ಬರೆಯೋ ಹಾಗೆ, ತೊಳೆದ ದಿನಕ್ಕೆಲ್ಲ ಒಂದು ಟಿಕ್. ಮೊನ್ನೆ ಕಳಿಸಿದ ವಿಡಿಯೋ ಏಳನೇ ಸ್ಲೈಡಿನಲ್ಲಿದೆ, ಸ್ವೈಪ್ ಮಾಡಿ. ಗಂಟಲು ಗುಲಾಬಿಯಾಗಿ ಹೊಳೀತಿರೋದು ಗಂಡು. ಆ ಜನವರಿ ಹಕ್ಕಿಯೇನಾ ಅಂತ ಚಿಕ್ಕಮ್ಮನ್ನ ಕೇಳಿದೆ. "ಹೇಗೆ ಗೊತ್ತಾಗುತ್ತೆ ಕಣೇ, ಎಲ್ಲಾ ಒಂದೇ ಥರ ಇರ್ತವೆ" ಅಂದ್ರು.

ನನ್ನ ಕೆಂಪು ಪ್ಲಾಸ್ಟಿಕ್ ಫೀಡರ್ ಏನಾಯ್ತು ಅಂತ ಕೇಳ್ತೀರಾ? ಅಮ್ಮ ಅದರಲ್ಲಿ ಮನಿ ಪ್ಲಾಂಟ್ ಹಾಕಿದ್ದಾರೆ. ಸೂರಕ್ಕಿ ದಾಸವಾಳಕ್ಕೇ ಬರ್ತಾ ಇದೆ.