ಅಜೆಕಾರು ಸೀಮೆಯ ಮನೆ ಚಿಪ್ಸು

ಕಾರ್ಕಳ ತಾಲೂಕಿನ ಅಜೆಕಾರು ಘಟ್ಟದ ಬುಡದ ಊರು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಚಿಪ್ಸಿನ ಚರಿತ್ರೆ ಶುರುವಾಗುವುದು ಬಟಾಟೆಯಿಂದಲ್ಲ, ಹಲಸಿನಿಂದ. ಮಳೆಗಾಲಕ್ಕೆ ತರಕಾರಿಯ ಅಭಾವವಿದ್ದುದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಬಲಿತ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಬೇಯಿಸಿ ಗುದ್ದಿ ಹಪ್ಪಳ ಒತ್ತಿ ಚಾಪೆಯ ಮೇಲೆ ಒಣಗಿಸುವುದು ಮನೆಮನೆಯ ಕೆಲಸವಾಗಿತ್ತು. ಹಸಿ ಸೊಳೆಯನ್ನು ಉದ್ದಕ್ಕೆ ಸೀಳಿ ತೆಂಗಿನೆಣ್ಣೆಯಲ್ಲಿ ಕರಿದರೆ ಚಿಪ್ಸು. ಅದು ಬೇಯುತ್ತಿರುವಾಗಲೇ ಬಾಣಲೆಗೆ ಉಪ್ಪುನೀರು ಚಿಮುಕಿಸುತ್ತಾರೆ. ಎಣ್ಣೆ ಭೋರೆಂದು ಉಕ್ಕಿ, ನೊರೆ ಇಳಿದು ಸದ್ದಡಗಿದಾಗ ಜಾಲರಿ ಸಟ್ಟುಗದಿಂದ ತೆಗೆಯುತ್ತಾರೆ. ನೇಂದ್ರ ಬಾಳೆಕಾಯಿಗೂ ಇದೇ ಹದ.

ಬಟಾಟೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಗೆಡ್ಡೆ. ಪೋರ್ಚುಗೀಸರ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಬಂತು. ತಂಪು ಹವೆ ಬೇಡುವ ಈ ಬೆಳೆಗೆ ಕರಾವಳಿಯ ಸೆಕೆ, ಮುರಕಲ್ಲಿನ ಮಣ್ಣು ಒಗ್ಗಲಿಲ್ಲ. ಹಾಸನದಂಥ ಘಟ್ಟದ ಮೇಲಿನ ಜಿಲ್ಲೆಗಳಲ್ಲಿ ಅದು ನೆಲೆಯೂರಿತು. ಹಾಗಾಗಿ ಕರಾವಳಿಯ ಅಡುಗೆಮನೆಗೆ ಅದು ಅಂಗಡಿಯ ದಾರಿಯಿಂದಲೇ ಬಂದದ್ದು. ಅನೇಕ ಸಂಪ್ರದಾಯಸ್ಥ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಅದಕ್ಕೆ ಇಂದಿಗೂ ಜಾಗವಿಲ್ಲ. ಆದರೆ ಹಪ್ಪಳ, ಸಂಡಿಗೆಯ ಹಳೆಯ ಪದ್ಧತಿ ಅದನ್ನು ಸಲೀಸಾಗಿ ಒಳಗೆ ಬಿಟ್ಟುಕೊಂಡಿತು: ತೆಳುವಾಗಿ ಹೆಚ್ಚಿ, ಉಪ್ಪುನೀರಿನಲ್ಲಿ ಅರೆಬೇಯಿಸಿ, ಬೇಸಿಗೆಯ ಬಿಸಿಲಿಗೆ ಬಟ್ಟೆಯ ಮೇಲೆ ಹರಡಿ ಗಲಗಲ ಒಣಗಿಸಿ ಡಬ್ಬಿ ತುಂಬಿಟ್ಟರೆ ಆಟಿ ತಿಂಗಳ ಜಡಿಮಳೆಯಲ್ಲಿ ಬೇಕೆನಿಸಿದಾಗ ಕರಿಯಬಹುದು.

ಪೋಷಣೆಯ ಲೆಕ್ಕದಲ್ಲಿ ಹಸಿ ಬಟಾಟೆಗೂ ಚಿಪ್ಸಿಗೂ ಅಜಗಜಾಂತರ. 100 ಗ್ರಾಂ ಹಸಿ ಬಟಾಟೆಯಲ್ಲಿ ಸುಮಾರು 80 ಗ್ರಾಂ ನೀರೇ. ಶಕ್ತಿ 75 ಕಿಲೊಕ್ಯಾಲರಿಯ ಆಸುಪಾಸು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಕರಿಯುವಾಗ ನೀರು ಆವಿಯಾಗಿ ಹೋದ ಜಾಗಕ್ಕೆ ಎಣ್ಣೆ ಸೇರುತ್ತದೆ. 100 ಗ್ರಾಂ ಚಿಪ್ಸಿನಲ್ಲಿ ಸುಮಾರು 530 ಕಿಲೊಕ್ಯಾಲರಿ, ಮೂರನೇ ಒಂದು ಪಾಲು ಕೊಬ್ಬು. ಅಷ್ಟು ಚಿಪ್ಸಿಗೆ 300 ಗ್ರಾಮಿಗೂ ಹೆಚ್ಚು ಬಟಾಟೆ ಬೇಕು. ಮನೆಯಲ್ಲಿ ಮಾಡಿದ್ದೆಂಬ ಕಾರಣಕ್ಕೆ ಕೊಬ್ಬು ಕಡಿಮೆಯಾಗದು. ತೆಂಗಿನೆಣ್ಣೆಯಲ್ಲಂತೂ ಸುಮಾರು ಶೇಕಡ 90 ಪರ್ಯಾಪ್ತ ಕೊಬ್ಬು. ಮನೆಯ ನಿಜವಾದ ಲಾಭ ಬೇರೆ: ಒಮ್ಮೆ ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಕಿಲ್ಲ, ಉಪ್ಪು ಕೈಯ ಅಳತೆಯಲ್ಲಿರುತ್ತದೆ, ಸಿಪ್ಪೆ ಉಳಿಸಿಕೊಂಡರೆ ನಾರೂ ಉಳಿಯುತ್ತದೆ.

ಹೆಚ್ಚಿದ ಹೋಳುಗಳನ್ನು ನೀರಿನಲ್ಲಿ ನೆನೆಸಿ ತೊಳೆಯುವ ರೂಢಿ ಗರಿಗರಿಗಾಗಿ ಬಂದದ್ದು. ಅದರಿಂದ ಇನ್ನೊಂದು ಉಪಕಾರವೂ ಇದೆ. ಪಿಷ್ಟಭರಿತ ಆಹಾರ ಹೆಚ್ಚು ಕಾವಿಗೆ ಸಿಕ್ಕಾಗ ಅಕ್ರಿಲಮೈಡ್ ಎಂಬ ಹಾನಿಕಾರಕ ವಸ್ತು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ತೊಳೆದಾಗ ಮೇಲ್ಮೈಯ ಸಕ್ಕರೆ ಕರಗಿಹೋಗಿ ಅದು ಕಡಿಮೆಯಾಗುತ್ತದೆ. ಫ್ರಿಜ್ಜಿನ ಚಳಿಯಲ್ಲಿ ಬಟಾಟೆಯ ಪಿಷ್ಟ ಸಕ್ಕರೆಯಾಗುವುದರಿಂದ ಚಿಪ್ಸಿನ ಬಟಾಟೆಯನ್ನು ಹೊರಗೆ, ಗಾಳಿಯಾಡುವ ಕತ್ತಲ ಮೂಲೆಯಲ್ಲಿಡುವುದೇ ಸರಿ; ಕರಿಯುವಾಗಲೂ ಹೊಂಬಣ್ಣ ಕಂದು ಬಣ್ಣಕ್ಕೆ ತಿರುಗುವ ಮೊದಲೇ ತೆಗೆಯಬೇಕು.